ಮುಪ್ಪಿನ ನಾಯಿಗೆ ಬಿಡದ ತುರಿಕೆ

ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ಹಜಾರದಿಂದ 'ಟಕ್ ಟಕ್ ಟಕ್' ಎಂಬ ಸದ್ದು. ನಾಯಿ ಸಾಕಿದವರಿಗೆ ಇದೇನೆಂದು ಹೇಳಬೇಕಾಗಿಲ್ಲ. ನಾಯಿ ಕುಳಿತು ಕೆರೆದುಕೊಳ್ಳುವಾಗ ಹಿಂಗಾಲಿನ ಗೆಣ್ಣು ನೆಲಕ್ಕೆ ಬಡಿಯುವ ಸದ್ದು ಅದು. ಎಲ್ಲ ನಾಯಿಗಳೂ ಒಮ್ಮೊಮ್ಮೆ ಕೆರೆದುಕೊಳ್ಳುತ್ತವೆ, ಅದಕ್ಕೆ ಚಿಂತೆ ಬೇಡ. ಆದರೆ ಆ ಸದ್ದು ರಾತ್ರಿಯಿಡೀ ಕೇಳಿದರೆ, ಪಾದಗಳನ್ನು ನೆಕ್ಕಿ ನೆಕ್ಕಿ ರೋಮ ಕಂದುಬಣ್ಣಕ್ಕೆ ತಿರುಗಿದರೆ, ಹೊಟ್ಟೆಯ ಚರ್ಮ ಕಪ್ಪಾಗಿ ಆನೆಯ ಚರ್ಮದಂತೆ ದಪ್ಪಗಾದರೆ, ಅದು ರೋಗ. ನಮ್ಮ ಮನೆಯ ಕೆಂಚನಿಗೆ ಹನ್ನೊಂದು ವರ್ಷ ತುಂಬಿದಾಗ ಹೀಗಾಯಿತು. ನಾನು ಪಶುವೈದ್ಯನಲ್ಲ, ಭೌತವಿಜ್ಞಾನ ಕಲಿಸುವವನು. ಓದಿ ತಿಳಿದದ್ದನ್ನೂ ತಪ್ಪು ಮಾಡಿ ಕಲಿತದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಅಲರ್ಜಿ ಎಂಬ ಪದವನ್ನು ನಾವು ದಿನವೂ ಬಳಸುತ್ತೇವೆ. ಆದರೆ ಈ ವಿದ್ಯಮಾನದ ಪರಿಚಯ ವಿಜ್ಞಾನಕ್ಕೆ ಆದದ್ದು ನಾಯಿಗಳಿಂದಲೇ ಎಂಬುದು ನಿಮಗೆ ಗೊತ್ತೇ? 1901ರಲ್ಲಿ ಫ್ರಾನ್ಸಿನ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಮೊನಾಕೊದ ರಾಜಕುಮಾರನ ಹಡಗಿನಲ್ಲಿ ಕಡಲಜೀವಿಗಳ ವಿಷವನ್ನು ಅಭ್ಯಾಸ ಮಾಡತೊಡಗಿದರು. ಊರಿಗೆ ಮರಳಿದ ಮೇಲೆ ಸಮುದ್ರ ಹೂವು ಎಂಬ ಜೀವಿಯ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ನಾಯಿಗಳಿಗೆ ಚುಚ್ಚಿದರು. ವಿಷಕ್ಕೆ ಒಗ್ಗಿಸುವುದು ಅವರ ಉದ್ದೇಶ. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ ಮೊದಲ ಚುಚ್ಚುಮದ್ದನ್ನು ಸುಲಭವಾಗಿ ತಡೆದುಕೊಂಡಿತು. 22 ದಿನಗಳ ಬಳಿಕ ಅಷ್ಟೇ ಪ್ರಮಾಣವನ್ನು ಮತ್ತೆ ಚುಚ್ಚಿದಾಗ 25 ನಿಮಿಷಗಳಲ್ಲಿ ಸತ್ತುಹೋಯಿತು. ರಕ್ಷಣೆ ಹೆಚ್ಚುವ ಬದಲು ದೇಹ ಅತಿಸೂಕ್ಷ್ಮವಾಗಿತ್ತು. ಈ ಶೋಧಕ್ಕಾಗಿ ರಿಷೆಗೆ 1913ರ ನೊಬೆಲ್ ಪಾರಿತೋಷಕ ಬಂತು. 'ಅಲರ್ಜಿ' ಪದವನ್ನು ಟಂಕಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ.

ತುರಿಕೆಯ ಅಲರ್ಜಿ ಅಷ್ಟು ಉಗ್ರವಲ್ಲ. ಆದರೆ ತಪ್ಪು ಅದೇ ಬಗೆಯದು. ಧೂಳು, ಪರಾಗ, ಚಿಗಟದ ಜೊಲ್ಲು ಮುಂತಾದ ನಿರುಪದ್ರವಿ ವಸ್ತುಗಳನ್ನು ದೇಹ ಶತ್ರುವೆಂದು ಭಾವಿಸುತ್ತದೆ. ಅವುಗಳ ವಿರುದ್ಧ ಐಜಿಇ ಎಂಬ ಪ್ರತಿಕಾಯ ಹುಟ್ಟುತ್ತದೆ (ಇದನ್ನು 1966ರಲ್ಲಿ ಗುರುತಿಸಿದವರು ಜಪಾನಿನ ಇಶಿಜಾಕಾ ದಂಪತಿ). ಐಜಿಇ ಚರ್ಮದ ಮಾಸ್ಟ್ ಕೋಶಗಳ ಮೇಲೆ ಹೋಗಿ ಕೂರುತ್ತದೆ. ಅದೇ ವಸ್ತು ಮತ್ತೆ ಬಂದಾಗ ಕೋಶ ಒಡೆದಂತಾಗಿ ಹಿಸ್ಟಮೀನ್ ಹೊರಬೀಳುತ್ತದೆ. ಹಾಗಾದರೆ ನಮಗೆ ನೆಗಡಿಯಾದಾಗ ಕೊಡುವ ಹಿಸ್ಟಮೀನ್ ವಿರೋಧಿ ಗುಳಿಗೆ ನಾಯಿಗೂ ಸಾಕಲ್ಲವೇ? ಸಾಲದು. ನಾಯಿಯ ತುರಿಕೆಯಲ್ಲಿ ಇಂಟರ್‌ಲ್ಯೂಕಿನ್-31 ಎಂಬ ಇನ್ನೊಂದು ಸಂದೇಶವಾಹಕ ಪ್ರೋಟೀನಿನ ಪಾತ್ರ ದೊಡ್ಡದು. ಬಿಳಿ ರಕ್ತಕಣಗಳು ಸ್ರವಿಸುವ ಇದು ನೇರವಾಗಿ ನರತಂತುಗಳನ್ನು ಕೆರಳಿಸುತ್ತದೆ. ಆ ಗುಳಿಗೆಗಳು ಬಹಳಷ್ಟು ನಾಯಿಗಳಲ್ಲಿ ನಿರಾಸೆ ಮೂಡಿಸುವುದಕ್ಕೆ ಇದೊಂದು ಕಾರಣ.

ನೆಲಕ್ಕೆ ಹತ್ತಿರದ ಬದುಕು

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದುಂಟು. ಸತ್ತ ಕೋಶಗಳು ಇಟ್ಟಿಗೆಗಳು, ಅವುಗಳ ನಡುವಿನ ಕೊಬ್ಬು ಗಾರೆ. ಅಲರ್ಜಿಯ ನಾಯಿಯಲ್ಲಿ ಈ ಗಾರೆ ದುರ್ಬಲ. ನೀರು ಹೊರಹೋಗುತ್ತದೆ, ಅಲರ್ಜಿಕಾರಕಗಳು ಒಳಬರುತ್ತವೆ. ಕೆರೆದಷ್ಟೂ ಗೋಡೆ ಇನ್ನಷ್ಟು ಬಿರುಕು ಬಿಡುತ್ತದೆ.

ನೀರು ಹೊರಹೋಗುವುದನ್ನು ಒಂದು ಲೆಕ್ಕದಿಂದ ನೋಡಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂನಷ್ಟು ನೀರಾವಿಯನ್ನು ಹಿಡಿಯಬಲ್ಲದು. ಚಳಿಗಾಲದ ಒಂದು ದಿನ ಸಾಪೇಕ್ಷ ಆರ್ದ್ರತೆ 50% ಇದ್ದರೆ ಅದರಲ್ಲಿರುವುದು ಸುಮಾರು 8.6 ಗ್ರಾಂ. ಅದೇ ಗಾಳಿ ನಾಯಿಯ ಮೈಗೆ ತಾಗಿ 35 ಡಿಗ್ರಿಗೆ ಬಿಸಿಯಾಯಿತೆನ್ನಿ. ಈಗ ಅದರ ಸಾಮರ್ಥ್ಯ 39.6 ಗ್ರಾಂ. ಅಂದರೆ ಚರ್ಮದ ಪಕ್ಕದಲ್ಲಿ ಆರ್ದ್ರತೆ 22%ಕ್ಕೆ ಇಳಿಯಿತು! ಗಾರೆ ಕಳಚಿದ ಚರ್ಮ ಒಣಗಿ ಹೊಟ್ಟೇಳುವುದರಲ್ಲಿ ಆಶ್ಚರ್ಯವೇನು?

ಇನ್ನು ಒಳಬರುವ ಧೂಳಿನ ವಿಷಯ. ಹಾಸಿಗೆ, ಗೋಣಿತಾಟು, ಸೋಫಾಗಳಲ್ಲಿ ವಾಸಿಸುವ ಧೂಳುನುಸಿ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದರ ಹಿಕ್ಕೆಯೇ ಮುಖ್ಯ ಅಲರ್ಜಿಕಾರಕ. ಹಿಕ್ಕೆಯ ಕಣದ ವ್ಯಾಸ ಸುಮಾರು 20 ಮೈಕ್ರೊಮೀಟರ್. ಸ್ಟೋಕ್ಸ್ ನಿಯಮವನ್ನು ಅನ್ವಯಿಸಿದರೆ ಗಾಳಿಯಲ್ಲಿ ಅದರ ಅಂತಿಮ ವೇಗ ಸೆಕೆಂಡಿಗೆ 1.2 ಸೆಂಟಿಮೀಟರ್ ಬರುತ್ತದೆ. (ಪಿಯು ವಿದ್ಯಾರ್ಥಿಗಳು ಮಾಡಿ ನೋಡಬಹುದು. ಕಣದ ಸಾಂದ್ರತೆ ನೀರಿನದೇ ಎಂದಿಟ್ಟುಕೊಳ್ಳಿ.) ಕಸ ಗುಡಿಸಿದಾಗ ನಮ್ಮ ಮೂಗಿನ ಎತ್ತರಕ್ಕೆ ಎದ್ದ ಕಣ ಎರಡು ನಿಮಿಷದಲ್ಲಿ ನೆಲ ಸೇರುತ್ತದೆ. ನಾವು ಉಸಿರಾಡುವ ಗಾಳಿ ಬೇಗ ತಿಳಿಯಾಗುತ್ತದೆ. ನಾಯಿಯಾದರೋ ಆ ಕಣಗಳು ಬಂದು ಕೂರುವ ಪದರದಲ್ಲೇ ಮಲಗಿರುತ್ತದೆ. ಪಾದ, ಹೊಟ್ಟೆ, ಕಂಕುಳು, ಮುಖಗಳೇ ಹೆಚ್ಚು ತುರಿಸುವುದು ಏಕೆಂದು ಇದರಿಂದ ಒಂದಿಷ್ಟು ತಿಳಿಯುತ್ತದೆ.

ಧೂಳುನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಆರ್ದ್ರತೆ 70-80% ಇದ್ದರೆ ಅದಕ್ಕೆ ಸುಗ್ಗಿ, 50%ಗಿಂತ ಕೆಳಗೆ ಬಹುಕಾಲ ಉಳಿದರೆ ಒಣಗಿ ಸಾಯುತ್ತದೆ. ಆದ್ದರಿಂದ ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ 55-60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಿಸಿಲೊಂದೇ ಸಾಲದು. ನುಸಿ ಸತ್ತರೂ ಹಿಕ್ಕೆ ಬಟ್ಟೆಯಲ್ಲೇ ಉಳಿಯುತ್ತದೆ.

ವಯಸ್ಸು ಏಕೆ ಮುಖ್ಯ?

ಪರಿಸರದ ವಸ್ತುಗಳಿಗೆ ಅಲರ್ಜಿ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಎಂಟೋ ಹತ್ತೋ ವಯಸ್ಸಿನಲ್ಲಿ ಮೊದಲ ಬಾರಿಗೆ ತುರಿಕೆ ಬಂದರೆ 'ಅಲರ್ಜಿ' ಎಂದು ಹಣೆಪಟ್ಟಿ ಹಚ್ಚಿ ಸುಮ್ಮನಾಗಬಾರದು. ಥೈರಾಯ್ಡ್ ಕೊರತೆ, ಅಡ್ರಿನಲ್ ಗ್ರಂಥಿಯ ಅತಿಸ್ರಾವ ಇವು ತಾವಾಗಿ ಹೆಚ್ಚು ತುರಿಕೆ ತರದಿದ್ದರೂ ಚರ್ಮದ ಸೋಂಕಿಗೆ ದಾರಿ ಮಾಡಿಕೊಡುತ್ತವೆ, ಸೋಂಕು ತುರಿಸುತ್ತದೆ. ಅಪರೂಪಕ್ಕೆ ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಅಲರ್ಜಿಯ ವೇಷದಲ್ಲಿ ಬರುತ್ತದೆ. ಆಹಾರದ ಅಲರ್ಜಿ ಮಾತ್ರ ಯಾವ ವಯಸ್ಸಿನಲ್ಲೂ ಶುರುವಾಗಬಹುದು.

ಇನ್ನೊಂದು ಸಾಧ್ಯತೆ, ರೋಗ ಹಳೆಯದೇ ಆಗಿದ್ದು ನಮ್ಮ ಕಣ್ಣಿಗೆ ಬೀಳದಿರುವುದು. ಕೆಂಚನ ಕಿವಿ ಪ್ರತಿ ಮಳೆಗಾಲ ಸೋರುತ್ತಿತ್ತು. ಹನಿಮದ್ದು ಹಾಕುತ್ತಿದ್ದೆವು, ಕಡಿಮೆಯಾಗುತ್ತಿತ್ತು. ಮರುಕಳಿಸುವ ಕಿವಿಸೋರುವಿಕೆ ಅಲರ್ಜಿಯ ಲಕ್ಷಣವೆಂದು ನನಗೆ ಗೊತ್ತಾದದ್ದು ಎಂಟು ಮಳೆಗಾಲ ಕಳೆದ ಮೇಲೆ!

ವೈದ್ಯರು ಮೊದಲು ಹುಡುಕುವುದು ಪರೋಪಜೀವಿಗಳನ್ನು. ಬೆನ್ನಿನ ಹಿಂಭಾಗ, ಬಾಲದ ಬುಡದಲ್ಲಿ ತುರಿಕೆಯಿದ್ದರೆ ಚಿಗಟದ ಮೇಲೆ ಸಂಶಯ. ಕಿವಿಯ ಅಂಚು, ಮೊಣಕೈಗಳಲ್ಲಿದ್ದರೆ ಕಜ್ಜಿಯ ನುಸಿ. ಈ ಕಜ್ಜಿ ಮನೆಯವರ ಮೈಮೇಲೂ ಕೆಲಕಾಲ ಕೆಂಪು ಗುಳ್ಳೆ ಎಬ್ಬಿಸಬಲ್ಲದು. ನಾಯಿಯಲ್ಲಿ ಚಿಗಟ ಕಾಣುತ್ತಿಲ್ಲವೇ? ಒಂದು ಸರಳ ಪ್ರಯೋಗವಿದೆ, ತರಗತಿಯಲ್ಲೂ ತೋರಿಸಬಹುದು. ಸಣ್ಣ ಹಲ್ಲಿನ ಬಾಚಣಿಗೆಯಿಂದ ರೋಮ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿ ಕಾಗದದ ಮೇಲೆ ಉದುರಿಸಿ. ಸುತ್ತಲೂ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಬಣ್ಣ ಬಿಡದಿದ್ದರೆ ಮಣ್ಣು.

ಚಿಗಟದ ಜೊಲ್ಲಿಗೆ ಅಲರ್ಜಿಯಿರುವ ನಾಯಿಗೆ ಕೆಲವೇ ಕಡಿತಗಳು ಸಾಕು. ನಾಯಿಯ ಮೇಲೆ ಕಾಣುವ ಬೆಳೆದ ಚಿಗಟಗಳು ಒಟ್ಟು ಸಂಖ್ಯೆಯ ಸುಮಾರು 5% ಮಾತ್ರ ಎಂಬ ಅಂದಾಜಿದೆ. ಉಳಿದವು ಮೊಟ್ಟೆ, ಮರಿಹುಳು, ಕೋಶಗಳಾಗಿ ನೆಲದ ಸಂದಿನಲ್ಲಿರುತ್ತವೆ. ಕೋಶ ತಿಂಗಳುಗಟ್ಟಲೆ ಕಾದು, ನಡಿಗೆಯ ಕಂಪನ ಮತ್ತು ಮೈಶಾಖ ತಿಳಿದಾಗ ಒಡೆಯುತ್ತದೆ. ಆದ್ದರಿಂದ ಒಂದು ಸಲದ ಔಷಧಿಯಿಂದ ಪ್ರಯೋಜನವಿಲ್ಲ. ಮನೆಯ ಎಲ್ಲ ಪ್ರಾಣಿಗಳಿಗೂ ಕೆಲವು ತಿಂಗಳು ಸತತವಾಗಿ ಕೊಡಬೇಕು. ಇಲ್ಲೊಂದು ಎಚ್ಚರಿಕೆ: ನಾಯಿಗೆ ಹಚ್ಚುವ ಪರ್ಮೆತ್ರಿನ್ ಬೆಕ್ಕಿಗೆ ಪ್ರಾಣಾಂತಿಕ. ಫ್ಲುರಲನರ್, ಅಫಾಕ್ಸೊಲನರ್‌ನಂಥ ಹೊಸ ಗುಳಿಗೆಗಳು ಚಿಗಟ, ಉಣ್ಣೆ, ಕಜ್ಜಿ ಮೂರಕ್ಕೂ ಪರಿಣಾಮಕಾರಿ. ಆದರೆ ಮೂರ್ಛೆರೋಗದ ಇತಿಹಾಸವಿರುವ ನಾಯಿಯಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ನಮ್ಮಲ್ಲಿ ಕೆಲವರು ಕಜ್ಜಿನಾಯಿಗೆ ಬಳಸಿದ ಎಂಜಿನ್ ಎಣ್ಣೆ, ಸೀಮೆಎಣ್ಣೆ ಬಳಿಯುತ್ತಾರೆ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಖಂಡಿತ ಕೂಡದು.

ಎಂಟು ವಾರಗಳ ಪ್ರಯೋಗ

ಆಹಾರದ ಅಲರ್ಜಿಯನ್ನು ಪತ್ತೆಹಚ್ಚಲು ನಂಬಬಹುದಾದ ರಕ್ತಪರೀಕ್ಷೆಯಿಲ್ಲ. ಇರುವುದು ಒಂದೇ ದಾರಿ, ಅದು ನಮಗೆಲ್ಲ ಪರಿಚಿತವಾದ ನಿಯಂತ್ರಿತ ಪ್ರಯೋಗ. ಒಂದು ಚರವನ್ನು ಮಾತ್ರ ಬದಲಿಸಿ, ಉಳಿದವನ್ನು ಸ್ಥಿರವಾಗಿಡಿ. ನಾಯಿಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವ ಆಹಾರಗಳು ದನದ ಮಾಂಸ, ಹಾಲಿನ ಪದಾರ್ಥಗಳು, ಕೋಳಿ ಮತ್ತು ಗೋಧಿ. ನಮ್ಮ ಮನೆಗಳ ಹಾಲನ್ನ, ಮೊಸರನ್ನ, ಬಿಸ್ಕತ್ತುಗಳನ್ನು ನೆನಪಿಸಿಕೊಳ್ಳಿ. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನ್, ಒಂದು ಪಿಷ್ಟ, ಇವಿಷ್ಟನ್ನೇ ಎಂಟು ವಾರ ಕೊಡಬೇಕು. ಆಹಾರದ ಅಲರ್ಜಿಯೇ ಆಗಿದ್ದರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ನಾಯಿಗಳಲ್ಲಿ ಅಷ್ಟರೊಳಗೆ ತುರಿಕೆ ಇಳಿಯುತ್ತದೆ. ಇಳಿದರೆ ಅಲ್ಲಿಗೇ ಮುಗಿಯಲಿಲ್ಲ. ಹಳೆಯ ಆಹಾರವನ್ನು ಮತ್ತೆ ಕೊಟ್ಟು ತುರಿಕೆ ಮರಳುವುದೇ ಎಂದು ನೋಡಬೇಕು. ಆಗಲೇ ಅದು ಸಾಬೀತು.

ಮೀನು ಒಳಗೆ ಬರದ ನಮ್ಮ ಮನೆಯ ಹಿತ್ತಿಲ ಒಲೆಯಲ್ಲಿ ಎಂಟು ವಾರ ಮೀನು ಬೆಂದಿತು. ಮುಳ್ಳು ತೆಗೆದ ಮೀನು ಮತ್ತು ಆಲೂಗಡ್ಡೆ. ಮೂರನೆಯ ವಾರ ಪಕ್ಕದ ಮನೆಯ ಮಗು ಬೇಲಿಯ ಸಂದಿನಿಂದ ಬಿಸ್ಕತ್ತು ಕೊಟ್ಟದ್ದು ತಿಳಿದು ಎಣಿಕೆಯನ್ನು ಮೊದಲಿನಿಂದ ಆರಂಭಿಸಿದೆವು. ತುರಿಕೆಗೆ ಪ್ರತಿದಿನ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಆಲೇಖ ಬರೆದಿದ್ದೆ. ರೇಖೆ ಏಳರ ಆಸುಪಾಸಿನಲ್ಲೇ ನಿಂತಿತು. ಆಹಾರ ನಿರಪರಾಧಿ! ಶೂನ್ಯ ಫಲಿತಾಂಶವೂ ಫಲಿತಾಂಶವೇ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ಆ ದಿನ ಹೆಂಡತಿಗೆ ಹೇಳಿದೆ. ಆಕೆ ಒಪ್ಪಿದಂತೆ ಕಾಣಲಿಲ್ಲ. (ಇಂಥ ಪಥ್ಯ ಪರೀಕ್ಷೆಗಷ್ಟೇ. ವರ್ಷಗಟ್ಟಲೆ ಕೊಟ್ಟರೆ ಪೋಷಕಾಂಶಗಳ ಕೊರತೆಯಾಗುತ್ತದೆ.)

ಈಗ ನನ್ನ ತಪ್ಪಿನ ಕತೆ. ಇದು ಆಹಾರದ ಪ್ರಯೋಗಕ್ಕೂ ಮೊದಲು ನಡೆದದ್ದು. ಆರಂಭದಲ್ಲಿ ವೈದ್ಯರು ಒಂದು ವಾರಕ್ಕೆಂದು ಪ್ರೆಡ್ನಿಸೊಲೋನ್ ಬರೆದುಕೊಟ್ಟಿದ್ದರು. ಎರಡೇ ದಿನದಲ್ಲಿ ತುರಿಕೆ ಮಾಯ. ನಿಲ್ಲಿಸಿದೊಡನೆ ಮರಳಿತು. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮತ್ತೆ ತಂದೆ. ಹೀಗೆ ಐದು ತಿಂಗಳು. ಕೆಂಚ ಬಕೆಟ್ಟುಗಟ್ಟಲೆ ನೀರು ಕುಡಿಯತೊಡಗಿದ, ಹಜಾರದಲ್ಲೇ ಮೂತ್ರ ಮಾಡಿಕೊಂಡ, ಹೊಟ್ಟೆ ಜೋತುಬಿತ್ತು, ತೊಡೆಯ ಮಾಂಸ ಕರಗಿ ಮೆಟ್ಟಿಲು ಹತ್ತಲಾರದಾದ. ವಯಸ್ಸಾಯಿತಲ್ಲ, ಕೀಲುನೋವು ಎಂದುಕೊಂಡು ಹಿಂದೊಮ್ಮೆ ಬರೆದುಕೊಟ್ಟಿದ್ದ ನೋವುಶಾಮಕವನ್ನೂ ಜೊತೆಗೆ ಕೊಟ್ಟೆ. ನಾಲ್ಕನೆಯ ದಿನ ಮಲ ಡಾಂಬರಿನಂತೆ ಕಪ್ಪಗಾಯಿತು. ಜಠರದ ಹುಣ್ಣಿನಿಂದ ರಕ್ತಸ್ರಾವ. ಸ್ಟೀರಾಯ್ಡ್ ಮತ್ತು ಅಂಥ ನೋವುಶಾಮಕ ಒಟ್ಟಿಗೆ ಸೇರಿದರೆ ಜಠರದ ರಕ್ಷಣಾ ಪದರ ಎರಡು ಕಡೆಯಿಂದಲೂ ಕುಸಿಯುತ್ತದೆ. ವೈದ್ಯರ ಮುಂದೆ ಎಲ್ಲವನ್ನೂ ಹೇಳಬೇಕಾಗಿ ಬಂದಾಗ ನಾಚಿಕೆಯಾಯಿತು. ಕೆಂಚ ಉಳಿದುಕೊಂಡ, ಅದೃಷ್ಟ.

ಆಗಲೂ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವಂತಿರಲಿಲ್ಲ. ಹೊರಗಿನಿಂದ ಸಿಗುತ್ತಿರುವಾಗ ಅಡ್ರಿನಲ್ ಗ್ರಂಥಿ ತನ್ನ ಉತ್ಪಾದನೆಯನ್ನು ನಿಲ್ಲಿಸಿ ನಿದ್ರೆ ಹೋಗಿರುತ್ತದೆ. ಅದು ಏಳುವವರೆಗೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಸ್ಟೀರಾಯ್ಡ್ ಕೆಟ್ಟ ಔಷಧಿಯೆಂದು ಇದರ ಅರ್ಥವಲ್ಲ. ಅಗ್ಗ, ಶಕ್ತಿಶಾಲಿ, ಕೆಲವು ದಿನಗಳ ಮಟ್ಟಿಗೆ ಉತ್ತಮ. ದೀರ್ಘಕಾಲಕ್ಕೆ ಈಗ ಬೇರೆ ಆಯ್ಕೆಗಳಿವೆ. ತುರಿಕೆಯ ಸಂದೇಶವನ್ನು ಕೋಶದೊಳಗೆ ತಡೆಯುವ ಒಕ್ಲಾಸಿಟಿನಿಬ್‌ಗೆ ಅಮೆರಿಕದಲ್ಲಿ 2013ರಲ್ಲಿ ಮಂಜೂರಾತಿ ದೊರೆಯಿತು. ಇಂಟರ್‌ಲ್ಯೂಕಿನ್-31ನ್ನೇ ಹಿಡಿದು ಕಟ್ಟಿಹಾಕುವ ಲೋಕಿವೆಟ್‌ಮ್ಯಾಬ್ ಎಂಬ ಪ್ರತಿಕಾಯ ಯುರೋಪಿನಲ್ಲಿ 2017ರಲ್ಲಿ ಬಂತು. ಒಕ್ಲಾಸಿಟಿನಿಬ್ ರೋಗನಿರೋಧಕ ವ್ಯವಸ್ಥೆಯ ಮೇಲೂ ಪ್ರಭಾವ ಬೀರುವುದರಿಂದ, ಮುದಿ ನಾಯಿಗೆ ಕೊಡುವ ಮುನ್ನ ಮೈಯ ಗಂಟುಗಳನ್ನೂ ರಕ್ತವನ್ನೂ ಪರೀಕ್ಷಿಸಿಕೊಳ್ಳಬೇಕು. ಬೆಲೆಯೂ ಕಡಿಮೆಯಲ್ಲ.

ಔಷಧಿಯ ಪ್ರಮಾಣ ತಗ್ಗಿಸಲು ನಮ್ಮ ಕೈಯಲ್ಲಿರುವ ಉಪಾಯ ಸ್ನಾನ. ನಮ್ಮ ಸೋಪು ಬೇಡ. ಅದು ಪ್ರತ್ಯಾಮ್ಲೀಯ, ಉಳಿದಿರುವ ಕೊಬ್ಬನ್ನೂ ತೊಳೆದುಹಾಕುತ್ತದೆ. ಬ್ಯಾಕ್ಟೀರಿಯ, ಯೀಸ್ಟ್ ಸೋಂಕಿದ್ದರೆ (ಮೈಗೆ ಹುಳಿಹಿಡಿದಂಥ ವಾಸನೆ ಬಂದರೆ ಯೀಸ್ಟಿನ ಸಂಶಯ) ವೈದ್ಯರು ಕ್ಲೋರ್‌ಹೆಕ್ಸಿಡೀನ್ ಇರುವ ಶಾಂಪೂ ಹೇಳುತ್ತಾರೆ. ಅದು ಮೈಮೇಲೆ ಹತ್ತು ನಿಮಿಷವಾದರೂ ಇರಬೇಕು. ಗಡಿಯಾರ ನೋಡಿ, ಅಂದಾಜಿನ ಹತ್ತು ನಿಮಿಷ ಸಾಮಾನ್ಯವಾಗಿ ಮೂರೇ ನಿಮಿಷವಾಗಿರುತ್ತದೆ. ಬಿಸಿನೀರು ತುರಿಕೆಯನ್ನು ಕೆರಳಿಸುವುದರಿಂದ ಉಗುರುಬೆಚ್ಚಗೂ ಕಡಿಮೆಯ ನೀರು ಲೇಸು. ಕಾಲಡಿಗೆ ರಬ್ಬರ್ ಚಾಪೆ ಹಾಸಿ. ಒದ್ದೆ ನೆಲದಲ್ಲಿ ಘರ್ಷಣೆ ಕಡಿಮೆ, ಮುದಿ ನಾಯಿಯ ಸೊಂಟಕ್ಕೆ ಜಾರುವಿಕೆ ಅಪಾಯ. ಕೊನೆಗೆ ಬೆರಳ ಸಂದುಗಳನ್ನು ಒರೆಸಿ ಒಣಗಿಸಿ. ತಿರುಗಾಡಿ ಬಂದಾಗಲೆಲ್ಲ ಒದ್ದೆ ಬಟ್ಟೆಯಿಂದ ಪಾದ, ಹೊಟ್ಟೆ ಒರೆಸಿದರೆ ಅಂಟಿದ ಪರಾಗ, ಧೂಳು ಅಲ್ಲೇ ಹೋಗುತ್ತವೆ.

ಕೆಂಚನಿಗೆ ಈಗ ಹದಿಮೂರು. ವಾರದ ಸ್ನಾನ, ಹಾಸಿಗೆ ಒಗೆತ, ವೈದ್ಯರು ಹೇಳಿದ ಕನಿಷ್ಠ ಪ್ರಮಾಣದ ಗುಳಿಗೆ, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಅಂಕಗಳ ಪುಸ್ತಕ ಮುಂದುವರಿದಿದೆ. ಆಷಾಢದಲ್ಲಿ ಐದಕ್ಕೆ ಏರುತ್ತದೆ, ಮಾಘದ ಹೊತ್ತಿಗೆ ಎರಡಕ್ಕೆ ಇಳಿಯುತ್ತದೆ. ಸೊನ್ನೆಗೆ ಒಮ್ಮೆಯೂ ಬಂದಿಲ್ಲ. ನಿನ್ನೆಯ ಅಂಕ ಮೂರು. ರಾತ್ರಿ ಒಂದು ಸಲ ಸದ್ದು ಕೇಳಿತು, ಆಮೇಲೆ ಅವನ ಗೊರಕೆ.