ಹೊನ್ನೆಯ ಮರ: ಅದರ ಉಪಯೋಗವೂ ಸಂರಕ್ಷಣೆಯೂ

ಮಲೆನಾಡಿನ ಎಲೆಯುದುರುವ ಕಾಡುಗಳಲ್ಲಿಯೂ ಅರೆಮಲೆನಾಡಿನ ಗುಡ್ಡಗಳಲ್ಲಿಯೂ ಬೆಳೆಯುವ ನಾಟಾ ಮರಗಳಲ್ಲಿ ತೇಗ ಬೀಟೆಗಳ ತರುವಾಯ ಎಣಿಸತಕ್ಕದ್ದು ಹೊನ್ನೆಯೇ. ಅವರೆ ತೊಗರಿಗಳಂತೆ ಇದೂ ದ್ವಿದಳ ವರ್ಗಕ್ಕೆ ಸೇರಿದುದು. ಸಸ್ಯಶಾಸ್ತ್ರಜ್ಞರು ಇದರ ಕುಲವನ್ನು ‘ಟೆರೊಕಾರ್ಪಸ್’ ಎನ್ನುವರು. ರೆಕ್ಕೆಯುಳ್ಳ ಕಾಯಿ ಎಂದು ಇದರ ಅರ್ಥ. ಆಂಧ್ರದ ಕಡಪ, ಚಿತ್ತೂರು ಸೀಮೆಗಳ ರಕ್ತಚಂದನವೂ ಅಂಡಮಾನಿನ ಪಡೌಕ್ ಮರವೂ ಇದೇ ಕುಲದವು.

ಹೊನ್ನೆಯ ಸೊಪ್ಪು ದನಗಳಿಗೆ ಮೇವು, ಗದ್ದೆಗೆ ಹಸಿರುಗೊಬ್ಬರ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಮರಕ್ಕೆ ಒದಗಿಸುವುವು. ಗಟ್ಟಿಯಾದ ತಿರುಳು ತೊಲೆ, ಬಾಗಿಲುವಾಡ, ಗಾಡಿ, ನೇಗಿಲುಗಳಿಗೆ ಒದಗುವುದು. ಹಸಿಯ ಮರವು ತೇವ ತಗುಲಿದರೆ ಸುಣ್ಣದ ಗೋಡೆಗೆ ಹಳದಿ ಕಲೆ ಹಿಡಿಸುವುದರಿಂದ ಚೆನ್ನಾಗಿ ಒಣಗಿಸಿಯೇ ಬಳಸತಕ್ಕದ್ದು. ತಿರುಳಿನಿಂದ ಕಡೆದ ಲೋಟದಲ್ಲಿ ರಾತ್ರಿಯಿಟ್ಟ ನೀರನ್ನು ಮಧುಮೇಹಿಗಳು ಕುಡಿಯುವ ರೂಢಿಯುಂಟು. ಆದರೆ ಇದನ್ನೇ ನಂಬಿ ವೈದ್ಯರ ಚಿಕಿತ್ಸೆಯನ್ನು ಬಿಡಲಾಗದು.

ತೊಗಟೆಗೆ ಕಚ್ಚು ಹಾಕಿದರೆ ನೆತ್ತರಿನಂತಹ ಕೆಂಪು ರಸವು ಒಸರಿ ಗಟ್ಟಿಯಾಗುವುದು. ಇದೇ ಹೊನ್ನೆಯ ಅಂಟು. ಔಷಧಕ್ಕೂ ಬಣ್ಣಕ್ಕೂ ಹಿಂದಿನಿಂದ ಬಳಕೆಯಲ್ಲಿರುವುದು. ಅಂಟಿನ ಆಸೆಯಿಂದ ಕಾಂಡದ ಸುತ್ತಲೂ ತೊಗಟೆಯನ್ನು ಸುಲಿದರೆ ಮರವು ನಿಂತಲ್ಲಿಯೇ ಒಣಗುವುದು. ನಾಟಾ, ಅಂಟು, ಔಷಧಗಳಿಗಾಗಿ ಕಡಿಯುವವರು ಹಲವರು, ನೆಡುವವರು ಕೆಲವರು. ಕಾಡುಕಿಚ್ಚೂ ದನಗಳ ಮೇಯುವಿಕೆಯೂ ಎಳೆಯ ಸಸಿಗಳನ್ನು ಉಳಿಯಗೊಡುವುದಿಲ್ಲ. ಹಳೆಯ ಮರಗಳು ಹೋದ ಮೇಲೆ ಬೀಜಕ್ಕೂ ಬರಗಾಲವೇ ಸರಿ.

ಸಸಿ ಮಾಡುವ ಕ್ರಮವು ಕಷ್ಟವಾದುದಲ್ಲ. ಬೇಸಿಗೆಯ ಮೊದಲು ಮಾಗಿದ ಕಾಯಿಗಳನ್ನು ಆಯ್ದು, ರೆಕ್ಕೆಯ ತುದಿಗಳನ್ನು ಕತ್ತರಿಸಿ, ಎರಡು ಮೂರು ದಿವಸ ನೀರಿನಲ್ಲಿ ನೆನೆಯಿಟ್ಟು ಪಾತಿಯಲ್ಲಿ ಬಿತ್ತಬೇಕು. ಸಸಿಗಳು ಬಲಿತ ಮೇಲೆ ಮುಂಗಾರು ಮಳೆ ಹಿಡಿದೊಡನೆ ಹೊಲದ ಬದು, ತೋಟದ ಅಂಚು, ಗುಡ್ಡದ ಇಳಿಜಾರುಗಳಲ್ಲಿ ನೆಡಬೇಕು. ನೀರು ನಿಲ್ಲುವ ಭೂಮಿ ಇದಕ್ಕೆ ಆಗದು. ಮೊದಲ ವರ್ಷಗಳಲ್ಲಿ ಮುಳ್ಳಿನ ಬೇಲಿ ಕಟ್ಟಿ ದನಗಳಿಂದಲೂ ಬೆಂಕಿಯಿಂದಲೂ ಕಾಪಾಡತಕ್ಕದ್ದು. ಕಡಿದ ಬುಡವು ಮತ್ತೆ ಚಿಗುರುವುದರಿಂದ ಅದನ್ನು ಅಗೆದು ತೆಗೆಯಬಾರದು.

ಸ್ವಂತ ಹಿಡುವಳಿಯ ಮರವಾದರೂ ಕಡಿಯುವ ಮುನ್ನ 1976ನೆಯ ಇಸವಿಯ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಮೇರೆಗೆ ವೃಕ್ಷಾಧಿಕಾರಿಯವರ ಅನುಮತಿಯನ್ನು ಪಡೆಯುವುದು ಅವಶ್ಯ.

ಹೊನ್ನೆಯು ಬಲಿತು ನಾಟಾ ಆಗಲು ದಶಕಗಳೇ ಬೇಕು. ನೆಟ್ಟವನಿಗೆ ಸೊಪ್ಪು, ಮೊಮ್ಮಗನಿಗೆ ತೊಲೆ. ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ ತಮ್ಮ ಬದುಗಳಲ್ಲಿ ಹತ್ತು ಸಸಿಗಳನ್ನು ನೆಟ್ಟು ಮೇಲ್ಪಂಕ್ತಿ ಹಾಕಿದಲ್ಲಿ ಉಳಿದ ರೈತರು ಅದನ್ನು ಅನುಸರಿಸದೆ ಇರಲಾರರು.