ಮೊದ್ಲ ನೀ ಮಾತಾಡಿ ಮುಗಸಪಾ!

ಚೊಳಚಗುಡ್ಡದ ಬನಶಂಕರಿ ಜಾತ್ರೆಯಿಂದ ಲೈವ್. ಸ್ಟುಡಿಯೋದಲ್ಲಿ ನಾನು. ಅಲ್ಲಿ ನಮ್ಮ ವರದಿಗಾರ, ಪಕ್ಕದಲ್ಲಿ ನಾಟಕ ಕಂಪನಿಯ ಹಿರಿಯ ಕಲಾವಿದೆ. 'ಅಮ್ಮಾ, ಈ ಸಲ ಕಲೆಕ್ಷನ್ ಹೇಗಿದೆ?' ಅಂದೆ. ಉತ್ತರವಿಲ್ಲ. ಕೇಳಿಸಲಿಲ್ಲವೇನೋ ಅಂತ ಮತ್ತೆ ಕೇಳಿದೆ. ಅಷ್ಟರಲ್ಲಿ ಅವರು ಶುರು ಮಾಡಿದ್ದರು. ನನ್ನ ಎರಡನೇ ಪ್ರಶ್ನೆ ಕಿವಿಗೆ ಬಿದ್ದು ನಿಲ್ಲಿಸಿದರು. ಮೂರು ಸಲ ಹೀಗೇ ಆಯ್ತು. 'ಮೊದ್ಲ ನೀ ಮಾತಾಡಿ ಮುಗಸಪಾ, ಆಮ್ಯಾಲ ನಾ ಹೇಳ್ತೀನಿ' ಅಂದುಬಿಟ್ಟರು. ಟೈಮ್ ಮುಗಿದಿತ್ತು. ಕಂಪನಿಯ ಕಷ್ಟ ಹೇಳಿಕೊಳ್ಳಲು ಬಂದಾಕೆಗೆ ನಾನು ಕೊಟ್ಟದ್ದು ಒಂದು ಜಾಹೀರಾತು ಬ್ರೇಕ್.

ಉಪಗ್ರಹದ ಮೂಲಕ ಹೋದರೆ ತಡ ಆಗಲೇಬೇಕು. ಅದು ಸುಮಾರು 36,000 ಕಿ.ಮೀ. ಮೇಲಿದೆ; ಹತ್ತಿ ಇಳಿಯಲು ಬೆಳಕಿಗೂ ಕಾಲು ಸೆಕೆಂಡ್ ಬೇಕು. ಆದರೆ ಅವತ್ತು ನಾವು ಬಳಸಿದ್ದು ಬೆನ್ನಿಗೆ ಹಾಕಿಕೊಳ್ಳುವ, ಹಲವು ಸಿಮ್‌ಗಳ ಪೆಟ್ಟಿಗೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ಬಾದಾಮಿಯಿಂದ ಬೆಂಗಳೂರಿಗೆ ಕೆಲವೇ ಮಿಲಿಸೆಕೆಂಡ್!

ಹಾಗಾದ್ರೆ ತಡ ಎಲ್ಲಿ? ಸರದಿಯಲ್ಲಿ. ಜಾತ್ರೆಗೆ ಬಂದವರೆಲ್ಲ ತೇರಿನ ವಿಡಿಯೋ ಕಳಿಸ್ತಿದ್ದಾರೆ. ನಮ್ಮ ಚಿತ್ರದ ಚೂರುಗಳು ಒಂದು ಬೇಗ, ಒಂದು ನಿಧಾನ ಬರುತ್ತವೆ. ತೆರೆ ಮೇಲೆ ಕಡಿಯಬಾರದಲ್ಲ, ಅದಕ್ಕೆ ಸ್ಟುಡಿಯೋದ ಯಂತ್ರ ಬೇಕಂತಲೇ ಕೊಂಚ ಹೊತ್ತು ಕಾದು, ಎಲ್ಲವನ್ನೂ ಸಾಲಾಗಿ ಜೋಡಿಸುತ್ತೆ. ಅಂದರೆ ಯಾವಾಗ ಬರುತ್ತೆ ಅನ್ನೋ ಖಾತ್ರಿ ಇಲ್ಲದ್ದಕ್ಕೆ ನಾವು ತೆತ್ತ ಬೆಲೆಯೇ ಆ ತಡ.

ಟಿವಿ ಕಾಯಬಹುದು. ಕಾರ್ಖಾನೆಯ ರೋಬೋ ಕೈಗೆ 'ನಿಲ್ಲು' ಅನ್ನೋ ಸಂದೇಶ ಕಾಯೋ ಹಾಗಿಲ್ಲ. ಅಲ್ಲಿ ಮನುಷ್ಯರ ಕೈಯೂ ಇರುತ್ತೆ. ಅಲ್ಲಿಗೆ ಬೇಕಾದದ್ದು ಬರೀ ವೇಗವಲ್ಲ, ಮಾತು ಕೊಟ್ಟ ಸಮಯ. ಅದಕ್ಕೇ 'ಟೈಮ್ ಸೆನ್ಸಿಟಿವ್ ನೆಟ್‌ವರ್ಕಿಂಗ್'. ಜಾಲದ ಗಡಿಯಾರಗಳನ್ನೆಲ್ಲ ಮೈಕ್ರೋಸೆಕೆಂಡಿನೊಳಗೆ ಹೊಂದಿಸಿ, ಇಂತಿಷ್ಟು ಹೊತ್ತಿಗೆ ಇಂಥ ಸಂದೇಶಕ್ಕೆ ಗೇಟು ತೆರೆದು, ಉಳಿದದ್ದಕ್ಕೆ ಮುಚ್ಚುವುದು. ತೇರಿನ ಹಗ್ಗ ಹೊತ್ತ ಮಾಡಲಗೇರಿಯ ಹಳಿಬಂಡಿ ಬಂದಾಗ ಜನ ದಾರಿ ಬಿಡ್ತಾರಲ್ಲ, ಹಾಗೆ. ತಮಾಷೆ ಅಂದರೆ, 2012ರಲ್ಲಿ ಈ ಹೆಸರು ಪಡೆದ ಐಇಇಇ ತಂಡ ಅದಕ್ಕೂ ಮುಂಚೆ ಆಡಿಯೋ-ವಿಡಿಯೋ ಸಾಗಿಸುವ ಕೆಲಸದಲ್ಲೇ ಇತ್ತು. ನಮ್ಮವರೇ!

ಒಂದು ಕಟ್ಟಡದೊಳಗೆ ಇದು ಸಲೀಸು. ಸಾರ್ವಜನಿಕ ಇಂಟರ್ನೆಟ್‌ನಲ್ಲಿ ಹಾದಿಯುದ್ದಕ್ಕೂ ಬೇರೆ ಬೇರೆ ಒಡೆಯರು. ಮೇಲಾಗಿ ಒಬ್ಬರಿಗೆ ಗೇಟು ತೆರೆದರೆ ಇನ್ನೊಬ್ಬರು ನಿಲ್ಲಬೇಕು. 2018ರಲ್ಲಿ ಕೇಂದ್ರ ಸರ್ಕಾರ ನೆಟ್ ನ್ಯೂಟ್ರಾಲಿಟಿ ಒಪ್ಪಿದಾಗ ದೂರದ ಶಸ್ತ್ರಚಿಕಿತ್ಸೆಯಂಥ ಸೇವೆಗಳಿಗೆ ವಿನಾಯಿತಿ ಇಟ್ಟಿತು. ಸರಿಯೇ. ಆದರೆ ಆ ಬಾಗಿಲಲ್ಲಿ ಗೇಮಿಂಗ್ ಪ್ಯಾಕೇಜು, ನಮ್ಮಂಥ ಚಾನೆಲ್ಲು ನುಗ್ಗಿದರೆ ನಾನು ಒಪ್ಪಲ್ಲ.

ಈಗ ನಾನು ಪ್ರಶ್ನೆ ಕೇಳಿ ಮನಸ್ಸಲ್ಲೇ ಮೂರರವರೆಗೆ ಎಣಿಸ್ತೀನಿ.