ಎಲ್ಲರಿಗೂ ಬಿಟ್ಟುಕೊಟ್ಟ ಪೇಟೆಂಟು: ನಿಲ್ಸ್ ಬೋಲಿನ್

ಹೊಸಕೋಟೆಯಲ್ಲಿ 1998ರಿಂದ ವೋಲ್ವೋ ಲಾರಿಗಳು ತಯಾರಾಗುತ್ತಿವೆ. 2017ರಲ್ಲಿ ಅದೇ ಹೆಸರಿನ ಕಾರುಗಳ ಜೋಡಣೆಯೂ ಅಲ್ಲಿ ಶುರುವಾಯಿತು. ನಮ್ಮ ಜನಕ್ಕೆ ವೋಲ್ವೋ ಎಂದರೆ ಎ.ಸಿ. ಬಸ್ಸು, ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ. ಆದರೆ ಆ ಸ್ವೀಡನ್ ಹೆಸರಿನ ದೊಡ್ಡ ಕೊಡುಗೆಯನ್ನು ಕಾಣಲು ವೋಲ್ವೋ ಹತ್ತಬೇಕಿಲ್ಲ. ಯಾವ ಕಾರಿನಲ್ಲಾದರೂ ಕೂತು ಹೆಗಲ ಪಕ್ಕಕ್ಕೆ ಕೈ ಚಾಚಿದರೆ ಸಾಕು. ಎದೆಯನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿಯುವ ಸೀಟ್ ಬೆಲ್ಟಿಗೆ ಇಂದಿನ ರೂಪ ಕೊಟ್ಟವರು ವೋಲ್ವೋದ ಇಂಜಿನಿಯರ್ ನಿಲ್ಸ್ ಬೋಲಿನ್.

ಬೋಲಿನ್ ಹುಟ್ಟಿದ್ದು 1920ರಲ್ಲಿ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, 1942ರಲ್ಲಿ ಸಾಬ್ ವಿಮಾನ ಕಂಪನಿ ಸೇರಿದರು. ಅಪಾಯದ ಹೊತ್ತಿನಲ್ಲಿ ಪೈಲಟ್‌ನನ್ನು ಸೀಟಿನ ಸಮೇತ ಹೊರಕ್ಕೆ ಚಿಮ್ಮಿಸುವ ಆಸನಗಳ ಮೇಲೆ ಅವರ ಕೆಲಸ. ಮನುಷ್ಯನ ಮೈ ಎಷ್ಟು ಏಟು ತಡೆಯುತ್ತದೆ, ಎಲ್ಲಿ ತಡೆಯುತ್ತದೆ ಎಂಬ ತಿಳಿವಳಿಕೆ ಅಲ್ಲಿ ಬಂತು. 1958ರಲ್ಲಿ ವೋಲ್ವೋ ಅವರನ್ನು ಸುರಕ್ಷತೆಯ ಇಂಜಿನಿಯರ್ ಆಗಿ ಕರೆಸಿಕೊಂಡಿತು.

ಅವರ ಮುಂದಿದ್ದ ಸವಾಲು ಇದು: ಗಂಟೆಗೆ 60 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದಾಗ ನಿಲ್ಲುವುದು ಕಾರು ಮಾತ್ರ. ಒಳಗಿರುವವರ ಮೈ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಆ ಏಟು ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಅಂತಸ್ತಿನ ಕಟ್ಟಡದ ಮೇಲಿಂದ ಬಿದ್ದಷ್ಟು. ಸ್ಟೀರಿಂಗ್ ಹಿಡಿದ ಕೈಗಾಗಲಿ, ಮಗುವನ್ನು ತೊಡೆಯ ಮೇಲೆ ಅಪ್ಪಿಕೊಂಡ ತಾಯಿಗಾಗಲಿ ಅದನ್ನು ತಡೆಯುವ ಶಕ್ತಿ ಇಲ್ಲ.

ಆಗ ಇದ್ದದ್ದು ಹೆಚ್ಚಾಗಿ ಸೊಂಟದ ಪಟ್ಟಿ. ಬಕಲ್ ಹೊಟ್ಟೆಯ ಮೇಲೆ ಬರುತ್ತಿತ್ತು. ಡಿಕ್ಕಿಯಾದಾಗ ತಲೆ, ಎದೆ ಮುಂದಕ್ಕೆ ಬಾಗಿ ಬಡಿಯುತ್ತಿದ್ದವು. ಹೊಟ್ಟೆಯೊಳಗಿನ ಮೆದು ಅಂಗಗಳಿಗೂ ಪೆಟ್ಟಾಗುತ್ತಿತ್ತು. ಮೂರು ಕಡೆ ಹಿಡಿಯುವ ಬೆಲ್ಟಿಗೆ ಅಮೆರಿಕದ ಗ್ರಿಸ್‌ವೋಲ್ಡ್ ಮತ್ತು ಡಿಹೇವನ್ ಅವರು 1955ರಲ್ಲೇ ಪೇಟೆಂಟು ಪಡೆದಿದ್ದರು, ಇದನ್ನು ಮರೆಯಬಾರದು. ಬೋಲಿನ್ ಮಾಡಿದ್ದು ಬಲ ಬೀಳುವ ಜಾಗವನ್ನು ಸರಿಪಡಿಸಿದ್ದು. ಒಂದು ಪಟ್ಟಿ ಹೆಗಲಿನಿಂದ ಎದೆಗೆ ಅಡ್ಡಲಾಗಿ ಇಳಿಯುತ್ತದೆ, ಇನ್ನೊಂದು ಸೊಂಟದ ಎಲುಬಿನ ಮೇಲೆ ಹಾಯುತ್ತದೆ. ಎರಡೂ ಸೇರುವುದು ಹೊಟ್ಟೆಯ ಮೇಲಲ್ಲ, ಸೀಟಿನ ಪಕ್ಕದಲ್ಲಿ, ತೀರ ಕೆಳಗೆ. ಹಾಗಾಗಿ ಏಟು ಬಿದ್ದಾಗ ಪಟ್ಟಿ ಜಾಗ ಬಿಟ್ಟು ಸರಿಯುವುದಿಲ್ಲ. ಭಾರವೆಲ್ಲ ಗಟ್ಟಿ ಎಲುಬುಗಳ ಮೇಲೆ ಹಂಚಿಹೋಗುತ್ತದೆ.

ಅವರ ಜಾಣತನ ನನಗೆ ಇದಕ್ಕಿಂತ ಹೆಚ್ಚಾಗಿ ಕಾಣುವುದು ಇನ್ನೊಂದು ಕಡೆ. ಪೈಲಟ್ ಪ್ರಾಣಕ್ಕಾಗಿ ಎಷ್ಟು ಪಟ್ಟಿ ಬೇಕಾದರೂ ಬಿಗಿಸಿಕೊಂಡಾನು. ಸಂತೆಗೆ ಹೊರಟವನು ಒಂದು ನಿಮಿಷವೂ ಅಷ್ಟು ಕಷ್ಟಪಡುವುದಿಲ್ಲ. ಕಟ್ಟಿಕೊಳ್ಳದ ಬೆಲ್ಟು ಎಷ್ಟೇ ಗಟ್ಟಿ ಇದ್ದರೂ ವ್ಯರ್ಥ. ಅದಕ್ಕೇ ಅವರು ಒಂದೇ ಕೈಯಲ್ಲಿ ಹಾಕಿಕೊಳ್ಳುವಂತೆ ಅದನ್ನು ರೂಪಿಸಿದರು.

1959ರ ಆಗಸ್ಟ್ 13ರಂದು ಈ ಬೆಲ್ಟ್ ಇದ್ದ ಮೊದಲ ಕಾರು, ವೋಲ್ವೋ ಪಿವಿ 544, ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಊರಿಗೆ ತಲುಪಿತು. ಬೇರೆ ಕಂಪನಿಗಳೂ ಹಣ ಕೊಡದೆ ಬಳಸಲಿ ಎಂದು ವೋಲ್ವೋ ಈ ಬೆಲ್ಟಿನ ಪೇಟೆಂಟನ್ನು ಬಿಟ್ಟುಕೊಟ್ಟಿತು. ದುಡ್ಡು ಬಾಚಿಕೊಳ್ಳಬಹುದಿದ್ದ ಹಕ್ಕನ್ನು ಹೀಗೆ ಬಿಟ್ಟದ್ದು ನಿಜಕ್ಕೂ ದೊಡ್ಡತನ. 1967ರಲ್ಲಿ ಬೋಲಿನ್ ಸುಮಾರು 28,000 ಅಪಘಾತಗಳ ವಿವರವನ್ನು ಮುಂದಿಟ್ಟರು. ಗಂಟೆಗೆ ಸುಮಾರು 96 ಕಿ.ಮೀ.ಗಿಂತ ಕಡಿಮೆ ವೇಗದ ಅಪಘಾತಗಳಲ್ಲಿ ಬೆಲ್ಟ್ ಹಾಕಿದ್ದ ಒಬ್ಬರೂ ಸತ್ತಿರಲಿಲ್ಲ. ಹಾಕದವರು ಎಲ್ಲ ವೇಗಗಳಲ್ಲೂ ಸತ್ತಿದ್ದರು. ಬೋಲಿನ್ ನಿವೃತ್ತರಾದದ್ದು 1985ರಲ್ಲಿ, ತೀರಿಕೊಂಡದ್ದು 2002ರ ಸೆಪ್ಟೆಂಬರ್ 21ರಂದು.

ನಮ್ಮಲ್ಲಿ ಮುಂದಿನ ಸೀಟಿನವರು ದಂಡಕ್ಕೆ ಹೆದರಿಯಾದರೂ ಬೆಲ್ಟ್ ಎಳೆದುಕೊಳ್ಳುತ್ತಾರೆ. ಹಿಂದೆ ಕೂತವರು ಹಾಕುವುದು ಅಪರೂಪ. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತಾಗ ಅವರು ಕೂತಿದ್ದದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಎಚ್ಚರಿಕೆಯ ಬೀಪ್ ಸದ್ದು ಕೇಳಬಾರದೆಂದು ಬಕಲ್‌ಗೆ ಬರಿ ಕ್ಲಿಪ್ ಸಿಕ್ಕಿಸುವವರೂ ಇದ್ದಾರೆ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಕ್ಲಿಪ್‌ಗಳನ್ನು ಆನ್‌ಲೈನ್ ಮಾರಾಟದಿಂದ ತೆಗೆಸಿತು. ಏರ್‌ಬ್ಯಾಗ್ ಇದೆಯಲ್ಲ ಎಂಬ ಮಾತೂ ತಪ್ಪು. ಅದು ಬೆಲ್ಟಿಗೆ ಜೊತೆಗಾರ, ಬದಲಿ ಅಲ್ಲ.

ಹೊಸ ಸೀಟ್ ಕವರ್ ಹೊಲಿಸಿದ ಕಾರುಗಳಲ್ಲಿ ಹಿಂದಿನ ಬಕಲ್‌ಗಳು ಎಷ್ಟೋ ಸಲ ಬಟ್ಟೆಯಡಿ ಹೂತುಹೋಗಿರುತ್ತವೆ. ನಿಮ್ಮ ಕಾರಿನಲ್ಲೂ ಹಾಗಿದ್ದರೆ ಇವತ್ತೇ ಹೊರಗೆ ಎಳೆದಿಡಿ. ಬೆಲ್ಟನ್ನು ಒಮ್ಮೆ ಥಟ್ಟನೆ ಜಗ್ಗಿ ನೋಡಿ. ಅದು ಗಕ್ಕನೆ ನಿಲ್ಲಬೇಕು. ನಿಲ್ಲದಿದ್ದರೆ ಮುಂದಿನ ಪ್ರಯಾಣಕ್ಕೆ ಮೊದಲು ಮೆಕ್ಯಾನಿಕ್‌ಗೆ ತೋರಿಸಿ.